ಅಹವಾಲು ಹೇಳಲೂ ಇಂಗ್ಲಿಷ್ ಬೇಕೇ?



ಅಂಗಡಿ ಬೋರ್ಡುಗಳಲ್ಲಿ ಶೇ. 60ರಷ್ಟು ಕನ್ನಡ ಇರಲೇಬೇಕೆಂದು 2024ರಲ್ಲಿ ಕಾನೂನು ಬಂತು. ಸುಮ್ಮನೆ ಬರಲಿಲ್ಲ. ಕಾರ್ಯಕರ್ತರು ಬೀದಿಗಿಳಿದರು, ಕೇಸು ಹಾಕಿಸಿಕೊಂಡರು, ಜೈಲಿಗೂ ಹೋಗಿ ಬಂದರು. ಆಮೇಲೆ ಬಂತು. ಇವತ್ತು ಸೇಡಂ ಬಸ್ ಸ್ಟ್ಯಾಂಡಿನಿಂದ ಹಿಡಿದು ವಾಡಿ ಜಂಕ್ಷನ್ನಿನ ಚಹಾದಂಗಡಿಯವರೆಗೆ ತಲೆ ಎತ್ತಿ ಬೋರ್ಡು ಓದುವುದು ನಮಗೆಲ್ಲ ರೂಢಿಯಾಗಿದೆ. ಒಳ್ಳೆಯದೇ. ಆದರೆ ತಲೆ ತಗ್ಗಿಸಿ ಅದೇ ಅಂಗಡಿಯ ಮೇಜಿನ ಮೇಲೆ ಏನಿದೆ ಎಂದು ನೋಡಿದ್ದೇವೆಯೇ?

ಅಲ್ಲೊಂದು ಕಂಪ್ಯೂಟರ್ ಇದೆ. ಅದರ ಪರದೆಯೂ ಒಂದು ನಾಮಫಲಕವೇ! ಬೀದಿಯ ಬೋರ್ಡನ್ನು ನಾವು ದಾರಿಯಲ್ಲಿ ಹೋಗುವಾಗ ಒಮ್ಮೆ ನೋಡುತ್ತೇವೆ. ಈ ಬೋರ್ಡನ್ನು ನಮ್ಮ ಹುಡುಗರು ದಿನಕ್ಕೆ ಎಂಟು ಗಂಟೆ ನೋಡುತ್ತಾರೆ. ಅದರಲ್ಲಿ ಕನ್ನಡ ಶೇಕಡಾ ಎಷ್ಟು? ಹೆಚ್ಚಿನ ಕಡೆ ಸೊನ್ನೆ. ಪಹಣಿಗೆ ಬಂದ ರೈತ ಪರದೆಯತ್ತ ಬಗ್ಗಿ ನೋಡಿ "ಇದರಾಗ ಕನ್ನಡ ಎಲ್ಲಿ ಅದ?" ಎಂದು ಕೇಳಿದರೆ ಉತ್ತರ ಕೊಡುವವರಿಲ್ಲ.

ಈ ಸಂಗತಿಯನ್ನು ಈಗಲೇ ಎತ್ತಲು ಕಾರಣವಿದೆ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ತನ್ನ ಸಾಮಾನ್ಯ ಬೆಂಬಲ ನಿಲ್ಲಿಸಿತು. ಹೊಸ ವಿಂಡೋಸ್ 11 ಹಳೆಯ ಪ್ರೊಸೆಸರುಗಳನ್ನು ಒಪ್ಪುವುದಿಲ್ಲ. ಅಂದರೆ ನಮ್ಮ ಶಾಲೆಗಳಲ್ಲಿ, ಟೈಪಿಂಗ್ ಕೇಂದ್ರಗಳಲ್ಲಿ, ಡಿಟಿಪಿ ಅಂಗಡಿಗಳಲ್ಲಿ ಚೆನ್ನಾಗಿ ಓಡುತ್ತಿರುವ ಎಷ್ಟೋ ಯಂತ್ರಗಳಿಗೆ ಎರಡೇ ದಾರಿ. ಒಂದು ಗುಜರಿ, ಇನ್ನೊಂದು ಲಿನಕ್ಸ್.

ಲಿನಕ್ಸ್ ಎಂದರೇನೆಂದು ತಿಳಿಯದ ಓದುಗರಿಗೆ ಎರಡು ಮಾತು. ಯಂತ್ರವನ್ನು ನಡೆಸುವ ಮೂಲ ತಂತ್ರಾಂಶ ಅದು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಅದರ ತಿರುಳನ್ನು ಬರೆದು ಊರಿಗೆಲ್ಲ ಬಿಟ್ಟುಕೊಟ್ಟ. ಆ ತಿರುಳಿಗೆ ಬೇಕಾದ ಸಲಕರಣೆಗಳನ್ನೆಲ್ಲ ಜೋಡಿಸಿ ಬಳಕೆಗೆ ಸಿದ್ಧ ಮಾಡಿ ಕೊಡುವುದಕ್ಕೆ ವಿತರಣೆ ಎನ್ನುತ್ತಾರೆ. ಡೆಬಿಯನ್, ಫೆಡೋರಾ, ಉಬುಂಟು ಹೀಗೆ ನೂರಾರು ಇವೆ. ದುಡ್ಡು ಕೊಡಬೇಕಿಲ್ಲ ಎಂಬುದು ಅದರ ಸಣ್ಣ ಗುಣ. ದೊಡ್ಡ ಗುಣ ಬೇರೆಯೇ ಇದೆ. ಅದರ ಒಳಗನ್ನು ಯಾರು ಬೇಕಾದರೂ ತೆರೆದು ನೋಡಬಹುದು, ತಿದ್ದಬಹುದು, ತಿದ್ದಿದ್ದನ್ನು ಹಂಚಬಹುದು. ಕಂಪೆನಿಯ ಬಾಗಿಲಲ್ಲಿ ಕೈಕಟ್ಟಿ ನಿಂತು "ಸ್ವಾಮಿ, ಕನ್ನಡ ಹಾಕಿ" ಎಂದು ಬೇಡಬೇಕಾಗಿಲ್ಲ. ನಮ್ಮ ಬೋರ್ಡನ್ನು ನಾವೇ ಬರೆದುಕೊಳ್ಳಬಹುದು!

ಬರೆದುಕೊಂಡಿದ್ದೇವೆಯೇ? ಸ್ವಲ್ಪ ಬರೆದುಕೊಂಡಿದ್ದೇವೆ, ಅದನ್ನು ಹೆಮ್ಮೆಯಿಂದಲೇ ಹೇಳಬೇಕು. ಜಗತ್ತಿನ ಯಾವ ಮೂಲೆಯ ಲಿನಕ್ಸ್ ಯಂತ್ರದಲ್ಲಾದರೂ ಕೀಲಿಮಣೆಗಳ ಪಟ್ಟಿ ತೆರೆಯಿರಿ. ಅಲ್ಲಿ 'ಕಗಪ' ಎಂಬ ಹೆಸರು ಕಾಣುತ್ತದೆ. ಕಗಪ ಎಂದರೆ ಕನ್ನಡ ಗಣಕ ಪರಿಷತ್ತು. ಕೆ.ಪಿ. ರಾವ್ ಅವರು ರೂಪಿಸಿ ನಾಡಿಗೆ ಬಿಟ್ಟುಕೊಟ್ಟ ಕೀಲಿಮಣೆಯನ್ನು ಪರಿಷತ್ತು 'ನುಡಿ' ತಂತ್ರಾಂಶದಲ್ಲಿ ಅಳವಡಿಸಿತು. ಕ ಬೇಕಾದರೆ ಕೆ ಒತ್ತು, ಖ ಬೇಕಾದರೆ ಶಿಫ್ಟ್ ಹಿಡಿದು ಒತ್ತು. ಅಷ್ಟು ಸರಳ. ಆ ಸರಳತೆಗೆ ಮನಸೋತು ಹಿಂದಿ, ಮರಾಠಿ, ತೆಲುಗು, ಸಂಸ್ಕೃತಕ್ಕೂ ಕಗಪ ಹೆಸರಿನ ಕೀಲಿಮಣೆಗಳು ಲಿನಕ್ಸಿನಲ್ಲಿ ಬಂದಿವೆ. ಹಿಂದಿ ಹೇರಿಕೆಯ ವಿರುದ್ಧ ನಾವು ಗಂಟಲು ಹರಿದುಕೊಳ್ಳುತ್ತಿರುವಾಗ ಹಿಂದಿಯೇ ಸದ್ದಿಲ್ಲದೆ ಕನ್ನಡದ ಕೀಲಿಮಣೆಯನ್ನು ಕಡ ತೆಗೆದುಕೊಂಡಿದೆ! ಇದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಇನ್ನೂ ಇದೆ. ಡೆಬಿಯನ್ ಸ್ಥಾಪಿಸುವಾಗ ಕೇಳುವ ಭಾಷೆಗಳ ಪಟ್ಟಿಯಲ್ಲಿ ಕನ್ನಡವಿದೆ. ಗುಬ್ಬಿ, ನವಿಲು, ಲೋಹಿತ್ ಎಂಬ ಮುಕ್ತ ಕನ್ನಡ ಫಾಂಟುಗಳಿವೆ. ಲಿಬ್ರೆ ಆಫೀಸಿಗೆ ಕನ್ನಡದ ಮುಖವಿದೆ. ಪುಟದ ಚಿತ್ರದಿಂದ ಕನ್ನಡ ಅಕ್ಷರ ಗುರುತಿಸುವ ಟೆಸರಾಕ್ಟ್ ಇದೆ. ಕಣ್ಣಿಲ್ಲದವರಿಗೆ ಪರದೆಯ ಕನ್ನಡವನ್ನು ಓದಿ ಹೇಳುವ ಇ-ಸ್ಪೀಕ್ ಇದೆ. ದನಿ ಲೋಹದ ಡಬ್ಬಿಯಂತಿದೆ ನಿಜ, ಆದರೆ ಓದುತ್ತದೆ. ಬೆರಳೆಣಿಕೆಯ ಕನ್ನಡಿಗರು ರಾತ್ರಿ ನಿದ್ದೆಗೆಟ್ಟು, ಹೆಚ್ಚಿನವರು ಬಿಡಿಗಾಸೂ ಪಡೆಯದೆ ಮಾಡಿದ ಕೆಲಸವಿದು. ಅವರಿಗೆ ಈ ಪತ್ರಿಕೆಯ ನಮಸ್ಕಾರ.

ಹಾಗಾದರೆ ಕೊರತೆ ಎಲ್ಲಿ? ಕೊರತೆ ಇರುವುದು ಅಹವಾಲಿನಲ್ಲಿ. ಲಿನಕ್ಸ್ ಸುಧಾರಿಸುವುದು ಬಳಸುವವರ ಸಲಹೆಯಿಂದ. ಇಂಥ ಕಡೆ ತಪ್ಪಿದೆ, ಇಂಥದ್ದು ಬೇಕು ಎಂದು ಬಳಕೆದಾರ ಬರೆಯುತ್ತಾನೆ. ಅದಕ್ಕೊಂದು ಸಂಖ್ಯೆ ಬೀಳುತ್ತದೆ, ಯಾರೋ ಕೈಗೆತ್ತಿಕೊಳ್ಳುತ್ತಾರೆ, ಮುಂದಿನ ಆವೃತ್ತಿಯಲ್ಲಿ ಸರಿಹೋಗುತ್ತದೆ. ಉಬುಂಟುವಿನ ಹೊಸ ಆವೃತ್ತಿ ಆರು ತಿಂಗಳಿಗೊಮ್ಮೆ, ಏಪ್ರಿಲ್ ಮತ್ತು ಅಕ್ಟೋಬರಿನಲ್ಲಿ ಬರುತ್ತದೆ. ಬಾಗಿಲು ತೆರೆದೇ ಇದೆ. ಆದರೆ ಹೊಸ್ತಿಲು ಇಂಗ್ಲಿಷಿನದು! ತಪ್ಪು ಕಂಡವನು ಇಂಗ್ಲಿಷಿನಲ್ಲಿ ಬರೆಯಬೇಕು. ಚಿಂಚೋಳಿಯ ಟೈಪಿಂಗ್ ಹುಡುಗಿಗೆ ಕನ್ನಡದ ಒತ್ತಕ್ಷರ ಎಲ್ಲಿ ಒಡೆಯುತ್ತದೆ ಎಂಬುದು ಬೆಂಗಳೂರಿನ ಇಂಜಿನಿಯರನಿಗಿಂತ ಚೆನ್ನಾಗಿ ಗೊತ್ತು. ಅವಳು ದಿನವೂ ಅದನ್ನೇ ಹೊಡೆಯುತ್ತಾಳೆ. ಆದರೆ ಅವಳ ಮಾತು ಹೊಸ್ತಿಲು ದಾಟುವುದಿಲ್ಲ. ಕನ್ನಡ ಅತಿ ಹೆಚ್ಚು ಬಳಸುವವರ ದೂರು ಅತಿ ಕಡಿಮೆ ತಲುಪುತ್ತದೆ. ದೂರು ತಲುಪದಿದ್ದ ಮೇಲೆ ಕನ್ನಡ ಬಳಸುವವರೇ ಇಲ್ಲ ಎಂದು ಲೆಕ್ಕ!

ಈ ಅನ್ಯಾಯ ನಮ್ಮ ಸೀಮೆಗೆ ಹೊಸದಲ್ಲ. ನಿಜಾಮರ ಕಾಲದಲ್ಲಿ ಇಲ್ಲಿನ ಕಚೇರಿಯ ಭಾಷೆ ಉರ್ದು. ಹೊಲದ ತಕರಾರು ಇರುವುದು ಕನ್ನಡದ ಬಾಯಲ್ಲಿ, ಅರ್ಜಿ ಹೋಗಬೇಕಾದ್ದು ಉರ್ದುವಿನಲ್ಲಿ. ನಡುವೆ ಅರ್ಜಿ ಬರೆಯುವವನೊಬ್ಬ. ಉರ್ದುವಿನ ಮೇಲೆ ನಮಗೆ ದ್ವೇಷವಿಲ್ಲ, ಅದು ನಮ್ಮ ನೆರೆಮನೆಯವರ ಮಾತು. ಆದರೆ ತನ್ನ ಸಂಕಟ ಹೇಳಲು ಇನ್ನೊಬ್ಬನ ಭಾಷೆ ಬಾಡಿಗೆ ಪಡೆಯಬೇಕಾದ ಸ್ಥಿತಿ ಗುಲಾಮಗಿರಿಯೇ. 1948ರ ಸೆಪ್ಟೆಂಬರ್ 17ಕ್ಕೆ ಆ ಕಾಲ ಮುಗಿಯಿತು ಎಂದುಕೊಂಡೆವು. 1956ರಲ್ಲಿ ಒಂದಾದೆವು. ಇವತ್ತು ಪರದೆಯ ಮುಂದೆ ಕುಳಿತ ಮೊಮ್ಮಗನಿಗೆ ಮತ್ತೆ ಅದೇ ಗತಿ. ಭಾಷೆಯ ಹೆಸರು ಮಾತ್ರ ಬದಲಾಗಿದೆ.

ಆದ್ದರಿಂದ ನಮ್ಮ ಐದು ಊರುಗಳ ಪರವಾಗಿ ಐದು ಸಲಹೆಗಳನ್ನು ಕನ್ನಡದಲ್ಲೇ ಮುಂದಿಡುತ್ತಿದ್ದೇವೆ.

ಒಂದು, ಶಹಾಬಾದಿನ ಸಲಹೆ. ಇಲ್ಲಿನ ಹಾಸುಗಲ್ಲು ನಾಡಿನ ಮನೆಮನೆಯ ನೆಲದಲ್ಲಿದೆ. ಆದರೆ ಊರಿನ ಹೆಸರನ್ನು ಕಂಪ್ಯೂಟರಿನಲ್ಲಿ ನೆಟ್ಟಗೆ ಹೊಡೆಯುವುದು ಕಷ್ಟ. 'ಶಹಾಬಾದ್' ಹೊಡೆದು ಅದಕ್ಕೆ 'ನಲ್ಲಿ' ಸೇರಿಸಿ ನೋಡಿ. ದಕಾರದ ಕೆಳಗೆ ನ ಒತ್ತು ಜೋತುಬಿದ್ದು 'ಶಹಾಬಾದ್ನಲ್ಲಿ' ಎಂದಾಗುತ್ತದೆ. ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಇಟ್ಟರೆ ಮಾತ್ರ 'ಶಹಾಬಾದ್‌ನಲ್ಲಿ' ಎಂದು ಬರುತ್ತದೆ. ಆ ಅಕ್ಷರ ಯಾವ ಕೀಲಿಯಲ್ಲಿದೆ ಎಂದು ಹೇಳಿಕೊಡುವವರಿಲ್ಲ. ಇದು ಬರೀ ಅಂದದ ಪ್ರಶ್ನೆಯಲ್ಲ. ಯಂತ್ರದ ಲೆಕ್ಕದಲ್ಲಿ ಇವು ಎರಡು ಬೇರೆ ಪದಗಳು. ಒಂದನ್ನು ಹುಡುಕಿದರೆ ಇನ್ನೊಂದು ಸಿಗದೆ ಹೋಗಬಹುದು. ದಾಖಲೆಯಲ್ಲಿ ಹೆಸರು ಸಿಗದಿದ್ದರೆ ಅಲೆದಾಡುವವನು ಬಡವ. ಆದ್ದರಿಂದ ಕನ್ನಡ ಕೀಲಿಮಣೆಯ ಚಿತ್ರ ಪರದೆಯ ಮೇಲೆ ಒಂದೇ ಒತ್ತಿಗೆ ಬರಬೇಕು, ಅದರಲ್ಲಿ ಈ ಕಾಣದ ಅಕ್ಷರಕ್ಕೂ ಜಾಗವಿರಬೇಕು. ಹುಡುಕುವಾಗ ಎರಡು ರೂಪಗಳನ್ನೂ ಒಂದೇ ಎಂದು ಎಣಿಸಬೇಕು.

ಎರಡು, ಸೇಡಂನ ಸಲಹೆ. ಈ ತಾಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ' ಆ ಆಸ್ಥಾನದ ಕೃತಿ. ಅದನ್ನು ನಾವು ಇವತ್ತಿಗೂ ಓದಬಲ್ಲೆವು. ಆದರೆ ಇಪ್ಪತ್ತು ವರ್ಷದ ಹಿಂದೆ ಡಿಟಿಪಿ ಅಂಗಡಿಯಲ್ಲಿ ಹೊಡೆದ ಮದುವೆ ಪತ್ರ, ಶಾಲೆಯ ಸ್ಮರಣ ಸಂಚಿಕೆ, ಸಂಘದ ಠರಾವು ಲಿನಕ್ಸಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಸ ಕಾಣುತ್ತದೆ! ಯೂನಿಕೋಡ್ ಬಳಕೆಗೆ ಬರುವ ಮುಂಚಿನ ಫಾಂಟುಗಳು ಕನ್ನಡದ ತುಂಡುಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದ್ದವು. ಆ ಫಾಂಟು ಇಲ್ಲದ ಕಡೆ ಮುಖವಾಡ ಕಳಚಿ ಬೀಳುತ್ತದೆ. ನಮ್ಮ ಪತ್ರಿಕೆಯ ಹಳೆಯ ಸಂಚಿಕೆಗಳ ಗತಿಯೂ ಇದೇ ಆಗಿದೆ. ಡಿಟಿಪಿಯವರು ಹಳೆಯ ವಿಂಡೋಸಿಗೆ ಅಂಟಿಕೊಂಡಿರುವುದು ಪ್ರೀತಿಯಿಂದಲ್ಲ, ಈ ಹೆದರಿಕೆಯಿಂದ. ಕಡತದ ಮೇಲೆ ಇಲಿಯ ಬಲಗುಂಡಿ ಒತ್ತಿದರೆ 'ಯೂನಿಕೋಡಿಗೆ ಬದಲಿಸು' ಎಂಬ ಆಯ್ಕೆ ಬರಬೇಕು. ಪರಿವರ್ತಕಗಳನ್ನು ಬರೆದವರು ಈಗಾಗಲೇ ಇದ್ದಾರೆ. ಅವನ್ನು ವಿತರಣೆಯ ಒಳಗೇ ಸೇರಿಸಿ ಕೊಡುವುದಷ್ಟೇ ಬಾಕಿ.

ಮೂರು, ವಾಡಿಯ ಸಲಹೆ. ವಾಡಿ ಎಂದರೆ ಕೂಡುದಾರಿ. ಸೊಲ್ಲಾಪುರ, ಗುಂತಕಲ್, ಸಿಕಂದರಾಬಾದ್ ಮೂರೂ ಕಡೆಯ ಹಳಿಗಳು ಇಲ್ಲಿ ಸೇರುತ್ತವೆ. ಕನ್ನಡ, ಉರ್ದು, ಮರಾಠಿ, ತೆಲುಗು ಒಂದೇ ಪ್ಲಾಟ್‌ಫಾರಂನಲ್ಲಿ ಕೇಳುತ್ತವೆ. ಇಲ್ಲಿನ ಹುಡುಗನಿಗೆ ಭಾಷೆ ಬದಲಿಸುವುದು ಕಣ್ಣು ಮಿಟುಕಿಸಿದಷ್ಟು ಸುಲಭ. ಕಂಪ್ಯೂಟರಿಗೇಕೆ ಕಷ್ಟ? ಲಿನಕ್ಸಿನ ಪಟ್ಟಿಯಲ್ಲಿ ಬರಿಯ 'ಕನ್ನಡ' ಎಂಬುದನ್ನು ಆರಿಸಿದರೆ ಕೇಂದ್ರ ಸರ್ಕಾರ ರೂಪಿಸಿದ ಇನ್‌ಸ್ಕ್ರಿಪ್ಟ್ ಕೀಲಿಮಣೆ ಬರುತ್ತದೆ. ಅದರಲ್ಲಿ ಸ್ವರಗಳು ಎಡಗೈಗೆ, ವ್ಯಂಜನಗಳು ಬಲಗೈಗೆ. ಅದನ್ನು ಕಲಿತವರಿಗೆ ಅದು ಒಳ್ಳೆಯದೇ. ಆದರೆ ನುಡಿಯಲ್ಲಿ ಕೈ ಪಳಗಿದವನು ಗ ಒತ್ತಿದರೆ ಇನ್ನೇನೋ ಬಂದಾಗ "ಇದರಾಗ ಕನ್ನಡ ಸರಿ ಬರಂಗಿಲ್ಲ" ಎಂದು ಎದ್ದು ಹೋಗುತ್ತಾನೆ. ಕಗಪ ಅದೇ ಪಟ್ಟಿಯ ಕೆಳಗೆ ಕೂತಿರುವುದು ಅವನಿಗೆ ತಿಳಿಯುವುದೇ ಇಲ್ಲ. ಕರ್ನಾಟಕಕ್ಕೆ ಕೊಡುವ ಯಂತ್ರದಲ್ಲಿ ಕಗಪ ಮೊದಲು ನಿಲ್ಲಬೇಕು, ಇನ್‌ಸ್ಕ್ರಿಪ್ಟ್ ಜೊತೆಗಿರಬೇಕು. ಭಾಷೆ ಬದಲಿಸುವ ಕೀಲಿ ಯಾವುದೆಂದು ಮೊದಲ ದಿನವೇ ಪರದೆ ಹೇಳಬೇಕು. ಉರ್ದು, ತೆಲುಗು, ಮರಾಠಿ ಬೇಕಾದವರಿಗೆ ಅವೂ ಸಿಗಲಿ. ನಾವು ಕೇಳುತ್ತಿರುವುದು ನಮ್ಮ ಮನೆಯಲ್ಲಿ ನಮಗೆ ಮೊದಲ ಮಣೆ.

ನಾಲ್ಕು, ಚಿಂಚೋಳಿಯ ಸಲಹೆ. ಕೊಂಚಾವರಂ ಕಡೆಯ ಕಾಡಂಚಿನ ಹಳ್ಳಿಗಳಿಗೆ ಹೋಗಿ ನೋಡಿ. ಸಿಗ್ನಲ್ ಬಂದರೆ ಬಂತು, ಹೋದರೆ ಹೋಯಿತು. ಅಂಥ ಕಡೆ ಪ್ರತಿ ವಾರ ನೂರಾರು ಎಂಬಿ ಇಳಿಸಿಕೊಳ್ಳಿ ಎನ್ನುವ ವಿತರಣೆ ಯಾರಿಗೆ ಬೇಕು? ಡೆಬಿಯನ್ನಿನಲ್ಲಿ ಆಪ್ಟ್-ಆಫ್‌ಲೈನ್ ಎಂಬ ಸಲಕರಣೆ ಇದೆ. ಏನು ಬೇಕೆಂಬ ಪಟ್ಟಿಯನ್ನು ಪೆನ್‌ಡ್ರೈವಿನಲ್ಲಿ ಒಯ್ದು, ನೆಟ್ ಇರುವ ಊರಿನಲ್ಲಿ ಇಳಿಸಿಕೊಂಡು, ತಂದು ಹಾಕಿಕೊಳ್ಳಬಹುದು. ಆದರೆ ಅದನ್ನು ಬಳಸಲು ಇಂಗ್ಲಿಷ್ ಬೇಕು. ಇದಕ್ಕೊಂದು ಕನ್ನಡದ ಕಿಟಕಿ, ಎರಡು ಗುಂಡಿ ಇಟ್ಟರೆ ಸಾಕು. ತಾಲೂಕು ಗ್ರಂಥಾಲಯದಲ್ಲಿ ತಿಂಗಳಿಗೊಮ್ಮೆ ಆ ಕಟ್ಟನ್ನು ಇಳಿಸಿಟ್ಟರೆ ಹಳ್ಳಿ ಶಾಲೆಯ ಮೇಷ್ಟ್ರು ಸಂತೆಗೆ ಬಂದಾಗ ಪೆನ್‌ಡ್ರೈವಿನಲ್ಲಿ ತುಂಬಿಕೊಂಡು ಹೋಗುತ್ತಾರೆ. ಹಳೆಯ ಯಂತ್ರಗಳಿಗೆ ಎಕ್ಸ್‌ಎಫ್‌ಸಿಇಯಂಥ ಹಗುರ ಪರದೆಯ ಆವೃತ್ತಿಯೂ ಪೂರ್ತಿ ಕನ್ನಡದಲ್ಲೇ ಸಿಗಬೇಕು. ಬಡವನ ಯಂತ್ರಕ್ಕೆ ಅರ್ಧ ಕನ್ನಡ, ಸಿರಿವಂತನ ಯಂತ್ರಕ್ಕೆ ಪೂರ್ತಿ ಕನ್ನಡ ಎಂಬ ಭೇದ ಬೇಡ.

ಐದು, ಚಿತ್ತಾಪುರದ ಸಲಹೆ. ಇದು ಎಲ್ಲಕ್ಕಿಂತ ದೊಡ್ಡದು, ಸರ್ಕಾರಕ್ಕೆ ನೇರವಾಗಿ ಹೇಳಬೇಕಾದದ್ದು. 2025ರ ನವೆಂಬರಿನಲ್ಲಿ ಬೆಂಗಳೂರು ಟೆಕ್ ಸಮ್ಮೇಳನದಲ್ಲಿ ರಾಜ್ಯ ಸರ್ಕಾರ 'ಕಿಯೋ' ಎಂಬ ಕಂಪ್ಯೂಟರನ್ನು ನಾಡಿನ ಮುಂದಿಟ್ಟಿತು. ಸರ್ಕಾರದ್ದೇ ಕಿಯೋನಿಕ್ಸ್ ಸಂಸ್ಥೆಯ ಯಂತ್ರ. ಆಗಿನ ಬೆಲೆ 18,999 ರೂಪಾಯಿ. ಒಳಗಿರುವುದು ರಿಸ್ಕ್-ಫೈವ್ ಎಂಬ ಮುಕ್ತ ವಿನ್ಯಾಸದ ಪ್ರೊಸೆಸರ್, ನಡೆಸುವುದು ಲಿನಕ್ಸ್. ಮಕ್ಕಳಿಗೆ ಪಾಠ ಹೇಳುವ ತಂತ್ರಾಂಶವೂ ಇದೆ ಎಂದರು. ಆಗ ಐಟಿ-ಬಿಟಿ ಖಾತೆ ಹೊತ್ತಿದ್ದ ಪ್ರಿಯಾಂಕ್ ಖರ್ಗೆಯವರು 2013, 2018, 2023 ಮೂರು ಸಲವೂ ಗೆದ್ದದ್ದು ಇದೇ ಚಿತ್ತಾಪುರದಿಂದ. ಕನ್ನಡಿಗರ ತೆರಿಗೆ ಹಣದ, ಕನ್ನಡ ಸರ್ಕಾರದ ಲಿನಕ್ಸ್ ಯಂತ್ರ. ಸಂತೋಷವೇ! ಆದರೆ ನಮ್ಮ ಪ್ರಶ್ನೆ ಒಂದೇ. ಆ ಯಂತ್ರದಲ್ಲಿ ತಪ್ಪು ಕಂಡ ಚಿತ್ತಾಪುರದ ಹುಡುಗ ಅದನ್ನು ಯಾರಿಗೆ, ಯಾವ ಭಾಷೆಯಲ್ಲಿ ಹೇಳಬೇಕು?

ಇದಕ್ಕೆ ನಮ್ಮ ಬೇಡಿಕೆ ಸ್ಪಷ್ಟ. ಕಿಯೋನಿಕ್ಸಿನಲ್ಲಿ ಕನ್ನಡ ಅಹವಾಲು ವಿಭಾಗ ತೆರೆಯಬೇಕು. ಕಾಗದದಲ್ಲಿ ಬರೆದರೂ, ಫೋನಿನಲ್ಲಿ ಹೇಳಿದರೂ, ಪರದೆಯ ಫೋಟೋ ಕಳಿಸಿದರೂ ತೆಗೆದುಕೊಳ್ಳಬೇಕು. ಪ್ರತಿಯೊಂದಕ್ಕೂ ಸಂಖ್ಯೆ ಕೊಡಬೇಕು, ಏನಾಯಿತೆಂದು ಕನ್ನಡದಲ್ಲೇ ಉತ್ತರಿಸಬೇಕು. ತನ್ನ ಕೈಯಲ್ಲಾಗದ್ದನ್ನು ಇಂಗ್ಲಿಷಿಗೆ ತಿರುಗಿಸಿ ಉಬುಂಟು, ಡೆಬಿಯನ್, ಗ್ನೋಮ್ ಬಳಗಗಳಿಗೆ ತಾನೇ ಕಳಿಸಬೇಕು. ಅರ್ಜಿ ಬರೆಯುವವನ ಕೆಲಸವನ್ನು ಸರ್ಕಾರ ಮಾಡಲಿ, ರೈತನ ಮಗ ಏಕೆ ಮಾಡಬೇಕು?

ಆಗದ ಮಾತು ಎನ್ನುತ್ತೀರಾ? ಕೇರಳದತ್ತ ನೋಡಿ. ಅಲ್ಲಿನ 'ಕೈಟ್' ಸಂಸ್ಥೆ ಉಬುಂಟುವನ್ನು ತನ್ನ ಶಾಲೆಗಳಿಗೆ ತಕ್ಕಂತೆ ತಿದ್ದಿ ಹಂಚುತ್ತದೆ. ಸರ್ಕಾರಿ ಶಾಲೆಯ ಮಕ್ಕಳು ಕಂಪ್ಯೂಟರ್ ಕಲಿಯುವುದೇ ಮುಕ್ತ ತಂತ್ರಾಂಶದಲ್ಲಿ. ಕಾಸರಗೋಡಿನ ಕನ್ನಡ ಮಾಧ್ಯಮದ ನಮ್ಮ ಮಕ್ಕಳೂ ಅದರಲ್ಲೇ ಕಲಿಯುತ್ತಿದ್ದಾರೆ. ಪರರಾಜ್ಯದಲ್ಲಿ ಸಿಕ್ಕಿಬಿದ್ದ ಕನ್ನಡದ ಮಗುವಿನ ಕೈಗೆ ಲಿನಕ್ಸ್ ಬಂದಿದೆ. ಮಾನ್ಯಖೇಟದ ನೆಲದ ಮಗುವಿಗೆ ಏಕಿಲ್ಲ? ನಾಚಿಕೆಯಾಗಬೇಕು! 2007ರಲ್ಲಿ ಕೇಂದ್ರದ ಸಿ-ಡ್ಯಾಕ್ 'ಬಾಸ್' ಎಂಬ ಲಿನಕ್ಸನ್ನು ಭಾರತದ ಭಾಷೆಗಳಿಗಾಗಿ ಹೊರತಂದಿತು. ಅದು ನಮ್ಮ ಊರಿನ ಯಾವ ಮೇಜಿನ ಮೇಲೆ ಬಂದು ಕೂತಿತು ಎಂದು ಓದುಗರೇ ಹೇಳಲಿ. ರಿಬ್ಬನ್ ಕತ್ತರಿಸುವುದು ಸುಲಭ, ಆಮೇಲೆ ದೂರು ಕೇಳಲು ಕೂರುವುದು ಕಷ್ಟ. ಕಿಯೋಗೆ ಆ ಗತಿ ಬರಬಾರದು.

ಇನ್ನು ನಮ್ಮವರಿಗೂ ಒಂದು ಮಾತು. ಸಿಟ್ಟಾಗಬೇಡಿ.

ಬೋರ್ಡಿಗೆ ಮಸಿ ಬಳಿಯುವುದು ನಮಗೆ ಗೊತ್ತು. ಈ ಬೋರ್ಡಿಗೆ ಮಸಿ ಹತ್ತುವುದಿಲ್ಲ! ಲಿನಕ್ಸಿನಲ್ಲಿ ಕನ್ನಡ ಅರ್ಧ ಇದೆ ಎಂದು ಯಾರ ಮನೆ ಮುಂದೆ ಧರಣಿ ಕೂರುತ್ತೀರಿ? ಬರೆಯಬೇಕಾದವರು ನಾವೇ. ಪರದೆಯ ಪ್ರತಿಯೊಂದು ಪದವೂ ಒಂದು ಪಟ್ಟಿಯಲ್ಲಿರುತ್ತದೆ. ಮೇಲಿನ ಸಾಲು ಇಂಗ್ಲಿಷ್, ಕೆಳಗಿನ ಸಾಲು ಖಾಲಿ. ಖಾಲಿಯನ್ನು ತುಂಬಿ ಕಳಿಸಿದರೆ ಕನ್ನಡ ಬರುತ್ತದೆ, ತುಂಬದಿದ್ದರೆ ಇಂಗ್ಲಿಷೇ ಉಳಿಯುತ್ತದೆ. ಪ್ರತಿ ಆವೃತ್ತಿಗೂ ಹೊಸ ಸಾಲುಗಳು ಸೇರುತ್ತಲೇ ಇರುತ್ತವೆ. ಅದಕ್ಕೇ ಪರದೆಯ ಒಂದು ಸಾಲು ಕನ್ನಡ, ಮುಂದಿನ ಸಾಲು ಇಂಗ್ಲಿಷ್ ಆಗಿ ಹರಿದ ಕಂಬಳಿಯಂತೆ ಕಾಣುವುದು. ರಾಜ್ಯೋತ್ಸವಕ್ಕೆ ಆರ್ಕೆಸ್ಟ್ರಾ ತರಿಸುವ ಖರ್ಚಿನಲ್ಲಿ ಒಂದು ಭಾಗ ಉಳಿಸಿ ನಾಲ್ಕು ಹುಡುಗರನ್ನು ಈ ಕೆಲಸಕ್ಕೆ ಕೂರಿಸಿದರೆ ಎಷ್ಟು ಸಾಲು ತುಂಬುತ್ತವೆ, ಲೆಕ್ಕ ಹಾಕಿ.

ತುಂಬುವಾಗ ಜನರ ಕನ್ನಡ ತುಂಬಿ. 'ಉಳಿಸು', 'ಅಳಿಸು', 'ಮುದ್ರಿಸು' ಎಲ್ಲರಿಗೂ ತಿಳಿಯುತ್ತವೆ. ಆದರೆ ನಿಘಂಟಿನಿಂದ ಅಗೆದು ತಂದ ಸಂಸ್ಕೃತದ ಬಂಡೆಗಳನ್ನು ಪರದೆಯ ಮೇಲೆ ಉರುಳಿಸಿದರೆ ಕನ್ನಡಿಗನೇ ಹೆದರಿ ಇಂಗ್ಲಿಷಿಗೆ ಓಡುತ್ತಾನೆ. ಕಡತ ಎಂದರೂ ಸರಿ, ಫೈಲ್ ಎಂದರೂ ಸರಿ, ಆದರೆ ಒಂದು ಕಡೆ ಕಡತ, ಇನ್ನೊಂದು ಕಡೆ ಫೈಲ್ ಬೇಡ. ಪದ ಆರಿಸುವ ಮುಂಚೆ ಬೆಂಗಳೂರು, ಮೈಸೂರಿನ ಜೊತೆಗೆ ಕಲಬುರಗಿಯನ್ನೂ ಕೇಳಿ.

ದೂರು ಬರೆಯುವುದಕ್ಕೂ ಶಿಸ್ತು ಬೇಕು. "ಕನ್ನಡ ಸರಿ ಇಲ್ಲ" ಎಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಯಾವ ವಿತರಣೆ, ಯಾವ ಆವೃತ್ತಿ, ಯಾವ ಫಾಂಟು, ಏನು ಒತ್ತಿದಿರಿ, ಏನು ಬಂತು, ಏನು ಬರಬೇಕಿತ್ತು ಎಂಬ ಆರು ಮಾತು ಬರೆಯಿರಿ. 'ಚಿತ್ತಾಪುರ' ಎಂಬಲ್ಲಿ ತ ಒತ್ತು ಕೆಳಗಿನ ಗೆರೆಗೆ ಸಿಕ್ಕಿ ಅರ್ಧ ಕತ್ತರಿಸಿದ್ದರೆ ಅದರ ಫೋಟೋ ಇಡಿ. ಬೈಗುಳ ಬೇಡ. ಆ ಕಡೆ ಕೂತವನು ಸಂಬಳದ ಗುಮಾಸ್ತನಲ್ಲ, ಬಹುಮಟ್ಟಿಗೆ ನಿಮ್ಮಂತೆಯೇ ಬಿಡುವಿನಲ್ಲಿ ದುಡಿಯುವವನು.

"ಇಂಗ್ಲಿಷ್ ಕಲಿತರೆ ಆಯಿತಲ್ಲ, ಇಷ್ಟೆಲ್ಲ ಯಾಕೆ?" ಎನ್ನುವ ಮಹಾಶಯರು ನಮ್ಮ ನಡುವೆಯೇ ಇದ್ದಾರೆ. ಕಲಿಯಲಿ, ಬೇಡ ಎಂದವರು ಯಾರು? ಆದರೆ ಕಂಪ್ಯೂಟರ್ ಮುಟ್ಟಲು ಇಂಗ್ಲಿಷ್ ಮೊದಲು ಕಲಿತು ಬಾ ಎಂದರೆ ಸಿಮೆಂಟ್ ಕಾರ್ಖಾನೆಯ ಕೂಲಿಯ ಮಗಳು ಬಾಗಿಲಲ್ಲೇ ನಿಲ್ಲುತ್ತಾಳೆ. 371ಜೆ ವಿಧಿಯಿಂದ ಈ ಭಾಗಕ್ಕೆ ಮೀಸಲಾತಿ ಬಂತು. ಮೀಸಲಾದ ಹುದ್ದೆಗೂ ಕಂಪ್ಯೂಟರ್ ಬಲ್ಲವರೇ ಬೇಕು. ಹಾಗಾಗಿ ಇದು ಭಾಷೆಯ ಅಭಿಮಾನದ ಪ್ರಶ್ನೆಯಷ್ಟೇ ಅಲ್ಲ, ಅನ್ನದ ಪ್ರಶ್ನೆ.

ಓದುಗರಲ್ಲಿ ನಮ್ಮ ಕೋರಿಕೆ ಇಷ್ಟು. ನಿಮ್ಮ ಊರಿನ ಯಾವುದೇ ಲಿನಕ್ಸ್ ಯಂತ್ರದಲ್ಲಿ ಕನ್ನಡದ ತೊಂದರೆ ಕಂಡರೆ ಮೇಲಿನ ಆರು ಮಾತುಗಳನ್ನು ಕನ್ನಡದಲ್ಲಿ ಬರೆದು ಈ ಪತ್ರಿಕೆಗೆ ಕಳಿಸಿ. ಸರ್ಕಾರದ ವಿಭಾಗ ತೆರೆಯುವವರೆಗೆ ನಾವೇ ಸಂಖ್ಯೆ ಹಾಕುತ್ತೇವೆ, ನಾವೇ ಮುಂದಕ್ಕೆ ತಲುಪಿಸುತ್ತೇವೆ. ಕಟ್ಟು ದೊಡ್ಡದಾದ ದಿನ ಅದನ್ನು ತಲೆಯ ಮೇಲೆ ಹೊತ್ತು ಕಿಯೋನಿಕ್ಸ್ ಬಾಗಿಲಿಗೆ ಒಯ್ಯುತ್ತೇವೆ. ಆಗ ಕನ್ನಡ ಬಳಸುವವರೇ ಇಲ್ಲ ಎಂದು ಯಾರೂ ಹೇಳಲಾರರು.

ಸಿರಿಗನ್ನಡಂ ಗೆಲ್ಗೆ!